ಕಂಪ್ಯೂಟರ್ ಮುಂದ ಕುಂತಾಗ ಟೈಮ್ ಎಲ್ಲಿ ಹೋಗ್ತೈತಿ, ಹೆಂಗ ಹಿಡಿಯೋದು

ಪುಣೆದಾಗ ನಮ್ಮ ಕಡೆ ಮಂದಿ ಯಾರ್ ಸಿಕ್ರೂ ಒಂದ ಮಾತು, ಟೈಮ್ ಸಾಲವಲ್ದು ಅಂತ. ಹಿಂಜವಡಿಯೊಳಗ ಕೋಡ್ ಬರಿಯೋರು, ಸದಾಶಿವ ಪೇಠದ ಸಿಎ ಆಫೀಸಿನ್ಯಾಗ ಟ್ಯಾಲಿ ಎಂಟ್ರಿ ಹೊಡಿಯೋರು, ಕೋಥ್ರೂಡದಾಗ ಮನ್ಯಾಗ ಕುಂತು ಮರಾಠಿ ಕಾಗದಪತ್ರ ಕನ್ನಡಕ್ಕ ಮಾಡಿ ಕೊಡೋರು, ಎಲ್ಲಾರೂ ದಿನಾ ಎಂಟೊಂಬತ್ತು ತಾಸು ಸ್ಕ್ರೀನ್ ಮುಂದ ಇರ್ತಾರ, ಆದ್ರ ಸಂಜಿಮುಂದ ಇವತ್ತ ಏನ್ ಮುಗಸಿದ್ರಿ ಅಂತ ಕೇಳಿದ್ರ ಬಾಯಿಂದ ಉತ್ತರ ಬರಂಗಿಲ್ಲ. ಇದನ್ನ ಅಳತಿ ಮಾಡಾಕ ಸಾಫ್ಟ್‌ವೇರ್ ಅದಾವ, ಟ್ರ್ಯಾಕರ್ ಅಂತಾರ, ಒಳ್ಳೆವು ಫ್ರೀನೂ ಅದಾವ. ಯಾವ್ದು ಹಾಕ್ಕೋಬೇಕು, ಹೆಂಗ ಸೆಟ್ ಮಾಡ್ಬೇಕು, ಹಾಕಿದ ಮ್ಯಾಲ ಅದರೊಳಗ ಏನ್ ನೋಡ್ಬೇಕು ಅನ್ನೋದು ಬರೀತೀನಿ, ಸೊಲ್ಪ ಉದ್ದ ಆಗ್ತೈತಿ, ಚಾ ತಗೊಂಡ ಕುಂದರ್ರಿ.

ಒಂದು ಮಾತು ಮೊದಲ ಹೇಳಿಬಿಡ್ತೀನಿ. ರಿಕ್ಷಾದಾಗ ಮೀಟರ್ ಹಾಕಿದ ಕೂಡ್ಲೇ ವಿದ್ಯಾಪೀಠ ಚೌಕದ ಟ್ರಾಫಿಕ್ ಕಮ್ಮಿ ಆಗಂಗಿಲ್ಲ, ಟ್ರ್ಯಾಕರೂ ಹಂಗ, ಅದು ಬರೇ ಲೆಕ್ಕ ಹೇಳ್ತೈತಿ. ಮತ್ತ ಆ ಲೆಕ್ಕದಾಗ ಎಲ್ಲಾರೂ ಮೊದಲ ನೋಡೋದು ಏನಪಾ ಅಂದ್ರ ಒಟ್ಟು ಎಷ್ಟು ತಾಸು ಕೆಲಸ ಆತು ಅನ್ನೋ ನಂಬರ್. ನನ್ನ ಕೇಳಿದ್ರ ಆ ನಂಬರಿಗೆ ಭಾಳ ಕಿಮ್ಮತ್ತಿಲ್ಲ. ಆರು ತಾಸು ವರ್ಡ್ ತೆರೆದಿತ್ತು ಅಂತ ತೋರಸ್ತೈತಿ ಅಂತ ತಿಳೀರಿ, ಆದ್ರ ಆ ಆರು ತಾಸು ಎರಡೆರಡು ನಿಮಿಷದ ತುಂಡಾಗಿ ಬಿದ್ದಿದ್ರ ಅದು ಕೆಲಸ ಅಲ್ಲ, ಒದ್ದಾಟ. ನೋಡ್ಬೇಕಾದ್ದು ತುಂಡು ಎಷ್ಟೆಷ್ಟು ಉದ್ದ ಅದಾವ ಅಂತ. ಕ್ಯಾಲಿಫೋರ್ನಿಯಾ ಯುನಿವರ್ಸಿಟಿಯ ಅರ್ವೈನ್ ಕ್ಯಾಂಪಸ್‌ನ್ಯಾಗ ಗ್ಲೋರಿಯಾ ಮಾರ್ಕ್ ಅಂತ ಪ್ರೊಫೆಸರ್ ಅದಾರ, ಆಫೀಸ್ ಮಂದಿ ಒಂದು ಸ್ಕ್ರೀನ್ ಮ್ಯಾಲ ಎಷ್ಟೊತ್ತು ಕಣ್ಣು ಇಡ್ತಾರ ಅಂತ ವರ್ಷಾನುಗಟ್ಟಲೆ ಅಳತಿ ಮಾಡಿದವರು. 2004ರಾಗ ಅವರಿಗೆ ಸಿಕ್ಕ ಸರಾಸರಿ ಸುಮಾರು ಎರಡೂವರಿ ನಿಮಿಷ, ಇತ್ತೀಚಿನ ಅಳತಿಯೊಳಗ ಅದು 47 ಸೆಕೆಂಡಿಗೆ ಬಂದೈತಿ. ನಮ್ಮ ಟೈಮ್ ಸೋರೋದು ಆ ಸಂದ್ಯಾಗ.

ಸಾಫ್ಟ್‌ವೇರ್ ಎರಡು ನಮೂನಿ. ಒಂದರಾಗ ನೀವ ಸ್ಟಾರ್ಟ್ ಒತ್ಬೇಕು, ನೀವ ಸ್ಟಾಪ್ ಒತ್ಬೇಕು, ಯಾವ ಕೆಲಸ ಅಂತ ನೀವ ಬರೀಬೇಕು. ಟಾಗಲ್ ಟ್ರ್ಯಾಕ್, ಕ್ಲಾಕಿಫೈ ಇವೆಲ್ಲ ಮೂಲದಾಗ ಈ ನಮೂನಿ. ತಾಸಿನ ಲೆಕ್ಕದಾಗ ಬಿಲ್ ಮಾಡೋರಿಗೆ, ಅಂದ್ರ ಫ್ರೀಲಾನ್ಸರು, ವಕೀಲರ ಆಫೀಸು, ಡಿಸೈನ್ ಮಾಡೋರು, ಇವರಿಗೆ ಇದು ಬೇಕ ಬೇಕು, ಯಾಕಂದ್ರ ಕ್ಲೈಂಟಿಗೆ ತೋರಸಾಕ ಚೊಕ್ಕ ರಿಪೋರ್ಟ್ ಬರ್ತೈತಿ. ಆದ್ರ ಟೈಮ್ ಎಲ್ಲಿ ಸೋರ್ತೈತಿ ಅಂತ ಹಿಡಿಯಾಕ ಇದು ಉಪಯೋಗಿಲ್ಲ. ಯೂಟ್ಯೂಬ್ ತೆಗಿಯೋ ಮುಂದ ಯಾವ ಮನಷ್ಯಾ ಸ್ಟಾಪ್ ಒತ್ತಿ "ಈಗ ಯೂಟ್ಯೂಬ್" ಅಂತ ಬರದಾನ್ರಿ?

ಎರಡನೇ ನಮೂನಿ ತಾನ ಹಿಂದ ಕುಂತು ಬರಕೋತ ಹೋಗ್ತೈತಿ, ಯಾವ ವಿಂಡೋ ಮುಂದಿತ್ತು, ಅದರ ಟೈಟಲ್ ಏನಿತ್ತು, ಎಷ್ಟು ಸೆಕೆಂಡ್ ಇತ್ತು ಅಂತ. ರೆಸ್ಕ್ಯೂಟೈಮ್ ಇದರಾಗ ಹಳೇ ಹೆಸರು, ಚಲೋ ಐತಿ, ಆದ್ರ ಡೇಟಾ ಅವರ ಸರ್ವರಿಗೆ ಹೋಗ್ತೈತಿ, ಎಲ್ಲಾ ಫೀಚರ್ ಬೇಕಂದ್ರ ರೊಕ್ಕಾ ಕೊಡಬೇಕು. ಮ್ಯಾನಿಕ್‌ಟೈಮ್ ವಿಂಡೋಸ್ ಮಂದಿಗೆ ಒಗ್ಗೂವಂಥಾದ್ದು, ಡೇಟಾ ನಿಮ್ಮ ಕಂಪ್ಯೂಟರಿನ್ಯಾಗ ಇರ್ತೈತಿ. ಕೋಡ್ ಬರಿಯೋರಿಗೆ ವಾಕಾಟೈಮ್ ಅಂತ ಐತಿ, ಎಡಿಟರಿನೊಳಗ ಪ್ಲಗಿನ್ ಆಗಿ ಕುಂತು ಯಾವ ಪ್ರಾಜೆಕ್ಟು ಯಾವ ಫೈಲು ಅಂತ ಲೆಕ್ಕ ಇಡ್ತೈತಿ. ಮ್ಯಾಕ್ ಇದ್ದೋರಿಗೆ 2019ರ ಕ್ಯಾಟಲಿನಾದಿಂದ ಸ್ಕ್ರೀನ್ ಟೈಮ್ ಸಿಸ್ಟಮಿನ್ಯಾಗ ಬರ್ತೈತಿ, ಮೇಲ್ಮೇಲೆ ನೋಡಾಕ ಅಷ್ಟ ಸಾಕು.

ನಾನು ಎಲ್ಲಾರಿಗೂ ಹೇಳೋದು ಆಕ್ಟಿವಿಟಿವಾಚ್. ಫ್ರೀ, ಓಪನ್ ಸೋರ್ಸ್ (ಅದರ ಕೋಡ್ ಯಾರ್ ಬೇಕಾದ್ರೂ ನೋಡಬಹುದು), ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಾಗೂ ಓಡ್ತೈತಿ, ಅಕೌಂಟ್ ಮಾಡೂ ಗದ್ದಲಿಲ್ಲ, ಮತ್ತ ಡೇಟಾ ನಿಮ್ಮ ಮಶೀನ್ ಬಿಟ್ಟು ಹೊರಗ ಹೋಗಂಗಿಲ್ಲ. ನೋಡಾಕ ಭಾಳ ಚೆಂದಿಲ್ಲ, ಮೊದಲ ದಿನ ಇದೇನಪಾ ಇಷ್ಟೊಂದು ಬಣ್ಣದ ಪಟ್ಟಿ ಅನಸ್ತೈತಿ, ಆದ್ರ ಆ ಪಟ್ಟಿನ ನಮಗ ಬೇಕಾದ್ದು. ಮುಂದ ಬರಿಯೋದೆಲ್ಲಾ ಇದನ್ನ ಹಿಡಕೊಂಡ ಬರೀತೀನಿ.

ಆಕ್ಟಿವಿಟಿವಾಚ್ ಡಾಟ್ ನೆಟ್ ಸೈಟಿಗೆ ಹೋಗಿ ನಿಮ್ಮ ಸಿಸ್ಟಮಿಂದು ಇನ್‌ಸ್ಟಾಲರ್ ಇಳಿಸಿಕೋರಿ. ಬ್ಯಾರೆ ಯಾವ್ದೋ ಡೌನ್‌ಲೋಡ್ ಸೈಟಿಂದ ತಗೋಬ್ಯಾಡ್ರಿ, ನಿಮ್ಮ ಎಲ್ಲಾ ವಿಂಡೋ ಟೈಟಲ್ ಓದೋ ಸಾಫ್ಟ್‌ವೇರ್ ಇದು, ಎಲ್ಲಿಂದ ಬಂತು ಅನ್ನೋದು ಗೊತ್ತಿರಬೇಕು. ಹಾಕಿದ ಮ್ಯಾಲ ಗಡಿಯಾರದ ಬಾಜೂಕ ಟ್ರೇದಾಗ ಒಂದು ಸಣ್ಣ ಐಕಾನ್ ಬರ್ತೈತಿ, ಅದರ ಮ್ಯಾಲ ರೈಟ್ ಕ್ಲಿಕ್ ಮಾಡಿ ಡ್ಯಾಶ್‌ಬೋರ್ಡ್ ತೆಗೀರಿ, ಬ್ರೌಸರಿನ್ಯಾಗ ಲೋಕಲ್‌ಹೋಸ್ಟ್ 5600 ಅನ್ನೋ ಅಡ್ರೆಸ್ ತೆರೀತೈತಿ. ಲೋಕಲ್‌ಹೋಸ್ಟ್ ಅಂದ್ರ ನಿಮ್ಮದ ಕಂಪ್ಯೂಟರ್, ಇಂಟರ್ನೆಟ್ ಬಂದ್ ಇದ್ರೂ ತೆರೀತೈತಿ. ಮ್ಯಾಕ್‌ನ್ಯಾಗ ಆಕ್ಸೆಸಿಬಿಲಿಟಿ ಪರ್ಮಿಶನ್ ಕೇಳ್ತೈತಿ, ಕೊಡದಿದ್ರ ಆ್ಯಪ್ ಹೆಸರು ಅಷ್ಟ ಬರ್ತೈತಿ, ಟೈಟಲ್ ಬರಂಗಿಲ್ಲ. ಲಿನಕ್ಸ್‌ನ್ಯಾಗ ವೇಲ್ಯಾಂಡ್ (ಸ್ಕ್ರೀನ್ ಮ್ಯಾಲ ವಿಂಡೋ ತೋರಸೋ ಹೊಸಾ ವ್ಯವಸ್ಥಾ) ಮ್ಯಾಲ ನೀವಿದ್ರ, ಜೊತಿಗೆ ಬರೋ ವಿಂಡೋ ವಾಚರ್, ಅಂದ್ರ ವಿಂಡೋ ಗಮನಿಸೋ ಭಾಗ, ಸರಿ ನಡಿಯಂಗಿಲ್ಲ, ಅದಕ್ಕಂತ ಬ್ಯಾರೆ ವಾಚರ್ ಅದಾವ, ಲಿನಕ್ಸ್ ಇಟ್ಕೊಂಡೋರು ಹೆಂಗೂ ಹುಡುಕಿ ಹಾಕ್ಕೋತೀರಿ.

ಇನ್ನ ಬ್ರೌಸರ್. ಎಕ್ಸ್‌ಟೆನ್ಶನ್, ಅಂದ್ರ ಬ್ರೌಸರಿಗೆ ಹಚ್ಚೋ ಸಣ್ಣ ಸಾಫ್ಟ್‌ವೇರ್, ಹಾಕದಿದ್ರ "ಕ್ರೋಮ್, ನಾಲ್ಕು ತಾಸು" ಅನ್ನೋ ಮೊದ್ದು ಉತ್ತರ ಸಿಗ್ತೈತಿ, ಟೈಟಲ್ ನೋಡಿ ಅಂದಾಜು ಮಾಡ್ಕೋಬೇಕು. ಕ್ರೋಮಿಗೂ ಫೈರ್‌ಫಾಕ್ಸಿಗೂ ಆಕ್ಟಿವಿಟಿವಾಚಿಂದ ಎಕ್ಸ್‌ಟೆನ್ಶನ್ ಐತಿ, ಹಾಕಿದ ಮ್ಯಾಲ ಯಾವ ಸೈಟು, ಯಾವ ಟ್ಯಾಬು, ಟ್ಯಾಬಿನಿಂದ ಸೌಂಡ್ ಬರ್ತಿತ್ತೋ ಇಲ್ಲೋ ಅಷ್ಟೂ ಬರಕೋತೈತಿ. ಎರಡು ಬ್ರೌಸರ್ ಬಳಸ್ತಿದ್ರ ಎರಡಕ್ಕೂ ಹಾಕ್ರಿ.

ಈಗ ಮೂರು ಸೆಟ್ಟಿಂಗ್ ಸರಿ ಮಾಡ್ಕೊಳ್ರಿ, ಇವನ್ನ ಬಿಟ್ರ ಆಮ್ಯಾಲ ಬರೋ ಲೆಕ್ಕ ಎಲ್ಲಾ ಸುಳ್ಳಾಗ್ತೈತಿ. ಮೊದಲನೇದ್ದು, ಕೀಬೋರ್ಡು ಮೌಸು ಎರಡೂ ಮೂರು ನಿಮಿಷ ಅಲ್ಲಾಡದಿದ್ರ ನೀವು ಎದ್ದು ಹೋಗೀರಿ ಅಂತ ಅದು ತಿಳ್ಕೋತೈತಿ. ಸುಮಾರಾಗಿ ಇದು ಸರಿನ, ಆದ್ರ ಮೀಟಿಂಗಿನ್ಯಾಗ ಕೈ ಕಟ್ಕೊಂಡು ಕೇಳೂಮುಂದ, ಉದ್ದದ ಪಿಡಿಎಫ್ ಓದೂಮುಂದ ಕೆಲಸ ನಡದಿದ್ರೂ ಗೈರುಹಾಜರಿ ಬೀಳ್ತೈತಿ. ಸೆಟ್ಟಿಂಗ್ಸ್‌ನ್ಯಾಗ ಯಾವಾಗ್ಲೂ ಆಕ್ಟಿವ್ ಅಂತ ಹಿಡಿಯೋ ಪ್ಯಾಟರ್ನ್ ಹಾಕೋ ಜಾಗ ಐತಿ, ಅಲ್ಲಿ ಝೂಮ್, ಗೂಗಲ್ ಮೀಟ್, ಟೀಮ್ಸ್ ಇವುಗಳ ಹೆಸರು ಇಂಗ್ಲಿಷ್ ಅಕ್ಷರದಾಗ ಹಾಕಿ ನಡುವ ಒಂದೊಂದು ನಿಂತ ಗೀಟು ಹಾಕ್ರಿ, ಬ್ಯಾಕ್‌ಸ್ಲ್ಯಾಶ್ ಕೀ ಮ್ಯಾಲ ಇರ್ತೈತಲ್ಲ ಆ ಗೀಟು, ಅದರರ್ಥ "ಇದು ಇಲ್ಲಾ ಅದು". ಬ್ರೌಸರಿನ್ಯಾಗ ವಿಡಿಯೋ ನೋಡಿ ಕಲಿಯೋರಾದ್ರ ಆಕ್ಟಿವಿಟಿ ಪುಟದ ಫಿಲ್ಟರಿನ್ಯಾಗ ಸೌಂಡ್ ಬರೋ ಟ್ಯಾಬನ್ನ ಆಕ್ಟಿವ್ ಅಂತ ಹಿಡಿಯೋ ಟಿಕ್ ಐತಿ, ಅದನ್ನ ಆನ್ ಇಡ್ರಿ. ಕೆಲಸದ ಹಿಂದ ಹಾಡು ಹಚ್ಚಿ ಊಟಕ್ಕ ಎದ್ದು ಹೋಗೋ ರೂಢಿ ಇದ್ರ ಮಾತ್ರ ಆಫ್ ಇಡ್ರಿ, ಇಲ್ಲಂದ್ರ ಊಟಾನೂ ಕೆಲಸ ಆಗ್ತೈತಿ.

ಎರಡನೇದ್ದು ದಿನ ಯಾವಾಗ ಚಾಲು ಆಗ್ತೈತಿ ಅನ್ನೋದು. ಡಿಫಾಲ್ಟ್ ಮುಂಜಾನೆ 4 ಗಂಟೆಗೆ ಇಟ್ಟಾರ, ಅಂದ್ರ ರಾತ್ರಿ ಒಂದರ ತನಕ ಕುಂತ್ರೂ ಅದು ಹಿಂದಿನ ದಿನದ ಲೆಕ್ಕಕ್ಕ ಹೋಗ್ತೈತಿ, ಚಲೋ ವಿಚಾರ. ಆದ್ರ ಖರಾಡಿ, ಮಗರಪಟ್ಟಾ ಕಡೆ ಅಮೆರಿಕಾ ಶಿಫ್ಟಿನ್ಯಾಗ ಇದ್ದೋರಿಗೆ ಶಿಫ್ಟ್ ಮುಗಿಯೋದ ಬೆಳಗಿನ ಜಾವಕ್ಕ, ಅವರು ಇದನ್ನ ಮಧ್ಯಾಹ್ನ 12ಕ್ಕ ಇಟ್ಕೊಂಡ್ರ ಒಂದು ಶಿಫ್ಟ್ ಒಂದ ದಿನದಾಗ ಬರ್ತೈತಿ. ಮೂರನೇದ್ದು ಕಂಪ್ಯೂಟರ್ ಚಾಲು ಆದ ಕೂಡ್ಲೇ ಇದೂ ಚಾಲು ಆಗ್ತೈತೋ ಇಲ್ಲೋ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡ್ರಿ.

ಇಷ್ಟು ಮಾಡಿ ಒಂದು ವಾರ ಅದರ ಕಡೆ ತಿರುಗಿ ನೋಡಬ್ಯಾಡ್ರಿ. ಖರೇನ ಹೇಳ್ತೀನಿ, ಡ್ಯಾಶ್‌ಬೋರ್ಡ್ ತೆಗೀಬ್ಯಾಡ್ರಿ, ಯೂಟ್ಯೂಬ್ ಬಿಡಬ್ಯಾಡ್ರಿ, ವಾಟ್ಸಾಪ್ ಕಮ್ಮಿ ಮಾಡಬ್ಯಾಡ್ರಿ, ದಿನಾ ಹೆಂಗ ಇರ್ತೀರೋ ಹಂಗ ಇರ್ರಿ. ಹೊಸಾ ಟ್ರ್ಯಾಕರ್ ಹಾಕಿದ ಎರಡು ದಿನ ಎಲ್ಲಾರೂ ಸಾಲಿಗೆ ಇನ್ಸ್‌ಪೆಕ್ಟರ್ ಬಂದಾಗಿನಂಗ ಸುಮ್ನ ಕುಂದರ್ತಾರ, ಆ ಡೇಟಾ ತಗೊಂಡ ಏನ್ ಮಾಡೋದು. ನಿಮ್ಮ ಮಾಮೂಲಿ ವಾರ ಹೆಂಗೈತಿ ಅನ್ನೋದು ಗೊತ್ತಾಗಬೇಕು, ಅದ ಮುಂದಿನ ಎಲ್ಲಾ ಹೋಲಿಕೆಗೂ ಬುನಾದಿ.

ವಾರ ಆದ ಮ್ಯಾಲ ಕೆಟಗರಿ ಮಾಡ್ರಿ. ಸೆಟ್ಟಿಂಗ್ಸ್‌ನ್ಯಾಗ ಕೆಟಗರೈಸೇಶನ್ ಅಂತ ಐತಿ, ಮೊದಲ ಕೆಲವೊಂದು ತಾನ ಕೊಟ್ಟಿರ್ತೈತಿ, ವರ್ಕ್, ಮೀಡಿಯಾ, ಕಾಮ್ಸ್ (ಇಮೇಲು, ಚಾಟು ಇಂಥಾವು) ಅಂತ, ಅವು ಪ್ರೋಗ್ರಾಮರ್ ಮಂದಿ ತಮಗ ತಕ್ಕಂಗ ಮಾಡ್ಕೊಂಡಿದ್ದು, ನಿಮಗ ಹೊಂದೋದಿಲ್ಲದ್ದು ತೆಗದು ಒಗೀರಿ. ಪ್ರತಿ ಕೆಟಗರಿಗೆ ಒಂದು ರೂಲ್, ಅಂದ್ರ ಆ್ಯಪಿನ ಹೆಸರಿನ್ಯಾಗ ಇಲ್ಲಾ ವಿಂಡೋ ಟೈಟಲಿನ್ಯಾಗ ಈ ಶಬ್ದ ಇದ್ರ ಈ ಕೆಟಗರಿ ಅಂತ. ಅಕೌಂಟ್ಸ್ ಮಾಡೋರಾದ್ರ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಈ ಮೂರನ್ನ ಅದ ನಿಂತ ಗೀಟಿನಿಂದ ಜೋಡಿಸಿ ಒಂದು ಕೆಟಗರಿಗೆ ಕೊಡ್ರಿ, ದೊಡ್ಡಕ್ಷರ ಸಣ್ಣಕ್ಷರ ನೋಡದಂಗ ಮಾಡೋ ಟಿಕ್ ಹಾಕೋದು ಮರೀಬ್ಯಾಡ್ರಿ. ಒಂದ ವಿಂಡೋಕ್ಕ ಎರಡು ರೂಲ್ ಹೊಂದಿದ್ರ ಒಳಗಿನ ಉಪ-ಕೆಟಗರಿನ ಗೆಲ್ತೈತಿ, ಹಿಂಗಾಗಿ ಯೂಟ್ಯೂಬ್ ಅನ್ನೋದು ಟೈಂಪಾಸ್‌ನ್ಯಾಗ ಇಟ್ಟು, ನೀವು ಕಲಿಯಾಕ ನೋಡೋ ವಿಡಿಯೋಗಳ ಟೈಟಲಿನ್ಯಾಗ ಬರೋ ಶಬ್ದಾನ ಇನ್ನೂ ಒಳಗಿನ ಉಪ-ಕೆಟಗರಿಯೊಳಗ ಇಟ್ರ ಎರಡೂ ಬ್ಯಾರೆ ಆಗ್ತಾವ. ಯಾವ ಶಬ್ದ ಹಾಕ್ಬೇಕು ಅಂತ ತಿಳೀದಿದ್ರ ಕೆಟಗರಿ ಬಿಲ್ಡರ್ ಅಂತ ಒಂದು ಐತಿ, ಇನ್ನೂ ಎಲ್ಲಿಗೂ ಸೇರದ ಟೈಮಿನ್ಯಾಗ ಯಾವ ಶಬ್ದ ಜಾಸ್ತಿ ಬಂದಾವ ಅಂತ ಸಾಲಾಗಿ ತೋರಸ್ತೈತಿ, ಅಲ್ಲಿಂದ ಎತ್ತಿ ಹಾಕ್ಕೋರಿ.

ಆದ್ರ ಕೆಟಗರಿ ಮಾಡೋದ ಒಂದು ಹುಚ್ಚು ಆಗ್ತೈತಿ, ಇದು ಎಚ್ಚರಿಕಿ. ಇಪ್ಪತ್ತೈದು ಕೆಟಗರಿ, ಒಂದೊಂದಕ್ಕ ಒಂದು ಬಣ್ಣ, ಅದನ್ನ ಚೆಂದ ಮಾಡ್ಕೋತ ಒಂದು ಇಡೀ ಶನಿವಾರ ಕಳಿಯೋರನ್ನ ನಾ ನೋಡೀನಿ. ನಾಲ್ಕೈದು ಸಾಕ್ರಿ. ಮುಖ್ಯ ಕೆಲಸ, ಇಮೇಲು-ಮೆಸೇಜು, ಮೀಟಿಂಗು, ಟೈಂಪಾಸು, ಉಳದದ್ದು. ಉಳದದ್ದು ಅನ್ನೋದು ಹತ್ತರಾಗ ಒಂದು ಪಾಲಿಗಿಂತ ಕಮ್ಮಿ ಆತಂದ್ರ ಕೈ ಬಿಡ್ರಿ.

ಇಲ್ಲೆ ಒಂದು ಯುಕ್ತಿ ಐತಿ, ಯಾರೂ ಹೇಳಂಗಿಲ್ಲ. ಟ್ರ್ಯಾಕರ್ ಓದೋದು ವಿಂಡೋ ಟೈಟಲ್, ವಿಂಡೋ ಟೈಟಲಿನ್ಯಾಗ ಬರೋದು ನಿಮ್ಮ ಫೈಲಿನ ಹೆಸರು. ಅಂದ್ರ ಫೈಲಿಗೆ ನೆಟ್ಟಗ ಹೆಸರಿಟ್ರ ಯಾವ ಕ್ಲೈಂಟಿನ ಕೆಲಸಕ್ಕ ಎಷ್ಟೊತ್ತು ಹೋತು ಅನ್ನೋದು ಸ್ಟಾರ್ಟ್ ಸ್ಟಾಪ್ ಒತ್ತದಂಗ ತಾನ ಬರ್ತೈತಿ. ನಮ್ಮ ವೈನಿ ಕೋಥ್ರೂಡದಾಗ ಮನ್ಯಾಗ ಕುಂತು ಅನುವಾದದ ಕೆಲಸ ಮಾಡ್ತಾರ, ಸಾತ್-ಬಾರಾ ಉತಾರಾ (ಹೊಲದ ಪಹಣಿ), ಖರೀದಿ ಪತ್ರ, ಕೋರ್ಟಿನ ಕಾಗದ, ಮರಾಠಿಯಿಂದ ಕನ್ನಡಕ್ಕ, ಬೆಳಗಾವಿ ಕಡೆ ಆಸ್ತಿ ಇದ್ದ ಮಂದಿ ಕೊಡ್ತಾರ. ಅವರ ಫೋಲ್ಡರ್ ತೆಗದ್ರ ಫೈನಲ್, ಫೈನಲ್ 2, ಹೊಸಾ ಫೈನಲ್, ಖರೇ ಫೈನಲ್. "ವೈನಿ, ಇದ್ರಾಗ ದೇಶಪಾಂಡೆ ಅವರದ್ಯಾವ್ದು, ಕೋರ್ಟಿಂದ್ಯಾವ್ದು?" ಅಂದ್ರ "ಏ ನನಗ ಗೊತ್ತಾಗ್ತೈತಿ ಬಿಡಪಾ, ಕಂಪ್ಯೂಟರಿಗ್ಯಾಕ ಬೇಕು ಅದು" ಅಂದ್ರು. ಆಮ್ಯಾಲ ಫೈಲಿನ ಹೆಸರಿನ ಮುಂದ ಮೂರಕ್ಷರದ ಕ್ಲೈಂಟ್ ಕೋಡ್ ಹಾಕಾಕ ಚಾಲು ಮಾಡಿದ್ರು, ಕೆಟಗರಿ ರೂಲಿಗೂ ಅದ ಕೋಡ್. ತಿಂಗಳ ಕೊನಿಗೆ ಗೊತ್ತಾಗಿದ್ದೇನಂದ್ರ ಪುಟಕ್ಕ ಅಂತ ಒಂದ ರೇಟಿನ್ಯಾಗ ಮಾಡ್ತಿದ್ದ ಎರಡು ನಮೂನಿ ಕೆಲಸದಾಗ ಕೈಬರಹದ ಹಳೇ ಕಾಗದಕ್ಕ ಟೈಪ್ ಮಾಡಿದ ಕಾಗದಕ್ಕಿಂತ ಎಷ್ಟೋ ಪಟ್ಟು ಟೈಮ್ ಹಿಡೀತಿತ್ತು. ಈಗ ಕೈಬರಹಕ್ಕ ಬ್ಯಾರೆ ರೇಟು. ಹೊಸಾ ಕೆಲಸ ಹಿಡಿಲಿಲ್ಲ, ಜಾಸ್ತಿ ತಾಸು ಕುಂದರಲಿಲ್ಲ, ಲೆಕ್ಕ ಗೊತ್ತಾಗಿದ್ದಕ್ಕ ಗಳಿಕಿ ಹೆಚ್ಚಾತು. ಕನ್ನಡದಾಗ ಫೈಲ್ ಹೆಸರಿಟ್ರೂ ರೂಲ್ ನಡೀತೈತಿ, ಯುನಿಕೋಡ್ ಇರಬೇಕು ಅಷ್ಟ.

ಈಗ ಮುಖ್ಯದ್ದು, ಟೈಮ್‌ಲೈನ್ ಓದೋದು. ಮ್ಯಾಲಿನ ಮೆನುದಾಗ ಟೈಮ್‌ಲೈನ್ ಒತ್ತಿ ಒಂದು ದಿನದ್ದು ತೆಗೀರಿ, ವಿಂಡೋದ ಪಟ್ಟಿ ನೋಡ್ರಿ, ಮೌಸ್ ಸ್ಕ್ರೋಲ್ ಮಾಡಿ ದೊಡ್ಡದು ಮಾಡ್ರಿ. ಒಟ್ಟು ತಾಸು ಮರೀರಿ. ಒಂದ ಬಣ್ಣ ಉದ್ದಕ ಎಲ್ಲಿ ಬಂದೈತಿ, ಕೊತ್ತಂಬರಿ ಹೆಚ್ಚಿದಂಗ ಸಣ್ಣಸಣ್ಣ ಎಲ್ಲಿ ಆಗೈತಿ ಅಂತ ನೋಡ್ರಿ. ಮುಖ್ಯ ಕೆಲಸದ್ದು ಇಪ್ಪತ್ತು ನಿಮಿಷಕ್ಕಿಂತ ಉದ್ದನ್ನ ತುಂಡು ದಿನಕ್ಕ ಎಷ್ಟು ಅದಾವ ಅಂತ ಬೆರಳಿನ್ಯಾಗ ಎಣಿಸಿ ಒಂದು ಕಾಗದದ ಮ್ಯಾಲ ಬರೀರಿ. ಆಮ್ಯಾಲ ಉದ್ದ ತುಂಡು ಕಡದದ್ದು ಯಾವ್ದು, ಅದರ ಮುಂದಿನ ಬಣ್ಣ ಯಾವ್ದು ಅಂತ ನೋಡ್ರಿ. ಬಹುತೇಕ ಮಂದಿಗೆ ಇಲ್ಲೆ ಒಂದು ಆಶ್ಚರ್ಯ ಕಾದಿರ್ತೈತಿ, ತಾವು ಬೈಕೊಳ್ಳೋ ಯೂಟ್ಯೂಬ್ ಅಲ್ಲಿ ಇರಂಗಿಲ್ಲ. ಯೂಟ್ಯೂಬ್ ಊಟದ ಟೈಮಿನ್ಯಾಗ ಒಂದ ಉದ್ದ ಪಟ್ಟಿಯಾಗಿ ಬಿದ್ದಿರ್ತೈತಿ, ಕಡದದ್ದು ವಾಟ್ಸಾಪ್ ವೆಬ್ಬು, ಮೇಲು, ಆಫೀಸಿನ ಚಾಟು, ಒಂದೊಂದು ಸಲಕ್ಕ ನಲವತ್ತು ಸೆಕೆಂಡು. ಒಟ್ಟು ಕೂಡಿಸಿದ್ರ ಅರ್ಧ ತಾಸೂ ಇರಂಗಿಲ್ಲ, ಹಿಂಗಾಗಿ ಒಟ್ಟು ನಂಬರ್ ನೋಡೋರಿಗೆ ಅದು ಕಾಣಂಗ ಇಲ್ಲ.

ಗಂಟೆ ಗಂಟೆಗೂ ನೋಡ್ರಿ. ಪುಣೆದಾಗ ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಬಾಗಲಾ ಹಾಕ್ತಾರ ಅಂತ ನಾವೆಲ್ಲಾ ನಗ್ತೀವಿ, ನಿಮ್ಮ ಟೈಮ್‌ಲೈನ್ ತೆಗದ ನೋಡ್ರಿ, ನಿಮ್ಮದೂ ಅದ ಹೊತ್ತಿಗೆ ಬಾಗಲಾ ಹಾಕಿರ್ತೈತಿ, ಕುರ್ಚಿ ಮ್ಯಾಲ ಕುಂತಿರ್ತೀರಿ ಅಷ್ಟ. ಆ ಹೊತ್ತಿನ್ಯಾಗ ತಲಿ ಓಡಸೋ ಕೆಲಸ ಇಟ್ಕೊಂಡು ಒದ್ದಾಡೋದಕ್ಕಿಂತ ಇಮೇಲಿಗೆ ಉತ್ತರ, ಬಿಲ್ಲು, ಫೈಲ್ ಜೋಡಸೋದು ಅಲ್ಲಿಗೆ ಸರಸ್ರಿ, ಮುಂಜಾನೆ ಉದ್ದ ತುಂಡು ಬೀಳೋ ಹೊತ್ತು ಉಳಿಸಿಕೋರಿ. ನನಗನಸೂ ಮಟ್ಟಿಗೆ ಇಡೀ ಟ್ರ್ಯಾಕಿಂಗಿನ ಅರ್ಧ ಲಾಭ ಇದ ಒಂದರಾಗ ಐತಿ.

ಬದಲಿ ಮಾಡೋದು ವಾರಕ್ಕ ಒಂದ. ಎಲ್ಲಾ ಒಮ್ಮೆಲೆ ಮಾಡಿದ್ರ ಯಾವ್ದರಿಂದ ಫರಕ್ ಬಿತ್ತು ಅಂತ ತಿಳಿಯಂಗಿಲ್ಲ. ಎಲ್ಲಾಕಿಂತ ಮೊದಲ ನೋಟಿಫಿಕೇಶನ್, ಯಾಕಂದ್ರ ಇದು ಫುಕಟ್ ಐತಿ, ಎರಡು ನಿಮಿಷದ ಕೆಲಸ. ವಿಂಡೋಸ್ 11ರಾಗ ಕ್ಲಾಕ್ ಆ್ಯಪ್ ತೆಗದ್ರ ಫೋಕಸ್ ಸೆಶನ್ ಅಂತ ಐತಿ, ಎಷ್ಟು ನಿಮಿಷ ಅಂತ ಹೇಳಿ ಚಾಲು ಮಾಡಿದ್ರ ಅಷ್ಟೊತ್ತು ಡು ನಾಟ್ ಡಿಸ್ಟರ್ಬ್ ತಾನ ಆನ್ ಆಗ್ತೈತಿ. ವಾಟ್ಸಾಪ್ ವೆಬ್ ಟ್ಯಾಬ್ ಪಿನ್ ಮಾಡಿ ಇಟ್ಕೋಬ್ಯಾಡ್ರಿ, ಬ್ರಾಕೆಟಿನ್ಯಾಗ ಮೂರು, ನಾಲ್ಕು ಅಂತ ನಂಬರ್ ಏರೋದು ಕಂಡ್ರ ಯಾವ ಸಾಧು ಸಂತಗೂ ತಡ್ಕೊಳ್ಳೋದು ಆಗಂಗಿಲ್ಲ.

ಅದಕ್ಕೂ ಬಗ್ಗದಿದ್ರ ಲೀಚ್‌ಬ್ಲಾಕ್ ಅನ್ನೋ ಎಕ್ಸ್‌ಟೆನ್ಶನ್, ಫೈರ್‌ಫಾಕ್ಸ್, ಕ್ರೋಮ್, ಎಡ್ಜ್ ಮೂರಕ್ಕೂ ಸಿಗ್ತೈತಿ, ಫ್ರೀ. ಸೈಟಿನ ಹೆಸರು ಬರೀರಿ, ಟೈಮ್ 0930-1300 ಅಂತ ನಡುವ ಸಣ್ಣ ಗೀಟಿಟ್ಟು ಬರೀರಿ, ವಾರದಾಗ ಯಾವ ಯಾವ ದಿನ ಅಂತ ಟಿಕ್ ಮಾಡ್ರಿ, ಮುಗೀತು. ಪೂರ್ತಿ ಬಂದ್ ಮಾಡೋ ಬದ್ಲಿ ತಾಸಿಗೆ ಐದು ನಿಮಿಷ ಅಂತಾನೂ ಬಿಡಬಹುದು. ಇದರಾಗ ನನಗ ಭಾಳ ಸೇರಿದ್ದು ಡಿಲೇಯಿಂಗ್ ಪೇಜ್, ಸೈಟು ತೆಗೀತೈತಿ, ಆದ್ರ ಮೊದಲ ಒಂದು ಖಾಲಿ ಪುಟ ತೋರಿಸಿ ಸೆಕೆಂಡ್ ಎಣಿಸ್ತೈತಿ. ಬಂದ್ ಮಾಡಿದ್ರ ಮನಷ್ಯಾ ಮೊಬೈಲ್ ಎತ್ತತಾನ, ಕಾಯಿಸಿದ್ರ ಏನ್ ನೋಡಾಕ ಬಂದಿದ್ದೆ ಅನ್ನೋದ ಮರ್ತು ಹೊಳ್ಳಿ ಕೆಲಸಕ್ಕ ಹೋಗ್ತಾನ. ಕೋಲ್ಡ್ ಟರ್ಕಿ ಅಂತ ಇನ್ನೊಂದು ಐತಿ, ಅದು ಬ್ರೌಸರಷ್ಟ ಅಲ್ಲ ಆ್ಯಪನ್ನೂ ತಡೀತೈತಿ, ಮತ್ತ ಲಾಕ್ ಮಾಡಿದ್ರ ಬಿಡಿಸಿಕೊಳ್ಳೋದು ಭಾಳ ಕಷ್ಟ, ಡೆಡ್‌ಲೈನ್ ಹತ್ರ ಬಂದೋರಿಗೆ ಮಾತ್ರ.

ಪೊಮೊಡೊರೊ ಬಗ್ಗೆ ಎಲ್ಲಾರೂ ಕೇಳಿರ್ತೀರಿ. ಇಟಲಿಯ ಫ್ರಾನ್ಸೆಸ್ಕೋ ಚಿರಿಲ್ಲೋ ಅನ್ನೋರು 1980ರ ದಶಕದ ಕೊನಿಗೆ ಕಾಲೇಜಿನ್ಯಾಗ ಇದ್ದಾಗ ಟೊಮ್ಯಾಟೋ ಆಕಾರದ ಅಡಗಿಮನಿ ಟೈಮರ್ ಇಟ್ಕೊಂಡು ಚಾಲು ಮಾಡಿದ್ದು, 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತು ಆದ ಮ್ಯಾಲ ದೊಡ್ಡ ಬಿಡುವು. ಮೇಲು ಬಿಲ್ಲು ಇಂಥಾ ಬ್ಯಾಸರದ ಕೆಲಸಕ್ಕ ಚಲೋ. ಕೋಡ್ ಬರಿಯೋದು, ಅನುವಾದ, ಬ್ಯಾಲೆನ್ಸ್ ಶೀಟ್ ಹೊಂದಸೋದು ಇವಕ್ಕ 25 ಸಾಲಂಗಿಲ್ಲ, ತಲಿ ಒಳಗ ಇಳಿಯೂದ್ರಾಗ ಗಂಟಿ ಬಾರಸ್ತೈತಿ. ನಿಮ್ಮ ಟೈಮ್‌ಲೈನಿನ್ಯಾಗ ಚಲೋ ದಿನದ ತುಂಡು ಸಹಜ ಎಷ್ಟು ಉದ್ದ ಬರ್ತಾವ ನೋಡಿ ಅಷ್ಟ ನಿಮಿಷ ಇಟ್ಕೋರಿ, 40 ಇರ್ಲಿ, 50 ಇರ್ಲಿ.

ಇನ್ನ ಕೈ ಚುರುಕು ಮಾಡೋ ಸಣ್ಣವೆರಡು. ಅದ ಅದ ಮಾತು ದಿನಾ ಟೈಪ್ ಮಾಡೋರಿಗೆ ಎಸ್ಪಾನ್ಸೋ ಅಂತ ಓಪನ್ ಸೋರ್ಸ್ ಐತಿ, ಮೊದಲ ಒಮ್ಮೆ ಅದರಾಗ ಬರದಿಟ್ಟು, ಆಮ್ಯಾಲ ಕೋಲನ್ ಹಾಕಿ ಎರಡಕ್ಷರ ಹೊಡದ್ರ ಇಡೀ ಪ್ಯಾರಾ ಬರ್ತೈತಿ, ಕನ್ನಡ ಪ್ಯಾರಾನೂ ಬರ್ತೈತಿ, "ತಮ್ಮ ಜಿಎಸ್‌ಟಿ ಬಿಲ್ಲುಗಳನ್ನ ಕಳಿಸಿಕೊಡಬೇಕಾಗಿ ವಿನಂತಿ" ಅಂತ ತಿಂಗಳಿಗೆ ನೂರು ಸಲ ಬರಿಯೋರು ತಪ್ಪದ ಹಾಕ್ಕೋರಿ. ವಿಂಡೋಸ್ ಕೀ ಹಿಡಿದು ವಿ ಒತ್ತಿದ್ರ ಹಿಂದ ಕಾಪಿ ಮಾಡಿದ್ದೆಲ್ಲಾ ಸಾಲಾಗಿ ಬರ್ತೈತಿ, 2018ರಿಂದ ವಿಂಡೋಸಿನ್ಯಾಗ ಐತಿ, ಒಂದ ಸಲ ಆನ್ ಮಾಡ್ಬೇಕು, ಎಕ್ಸೆಲ್ಲಿಗೂ ಟ್ಯಾಲಿಗೂ ನಡುವ ಹೊಳ್ಳಾಮಳ್ಳಿ ಜಿಗಿಯೋದು ಎದ್ದು ಕಾಣೂವಷ್ಟು ಕಮ್ಮಿ ಆಗ್ತೈತಿ.

ವಾರಕ್ಕ ವಾರ ಹೋಲಿಸೋಮುಂದ ಸೊಲ್ಪ ಸಮಾಧಾನ ಇರ್ಲಿ. ತಿಂಗಳ ಲೆಕ್ಕದಾಗ ಜಿಎಸ್‌ಟಿ ರಿಟರ್ನ್ ಹಾಕೋರಿಗೆ ಜಿಎಸ್‌ಟಿಆರ್-1 ಕೊನೇ ತಾರೀಖು 11, 3ಬಿ ಕೊನೇ ತಾರೀಖು 20, ಆ ವಾರಗಳನ್ನ ತಿಂಗಳ ಕೊನೇ ವಾರದ ಜೊತಿ ಹೋಲಿಸಿ ನಾ ಸುಧಾರಿಸಿದೆ, ನಾ ಕೆಟ್ಟೆ ಅನ್ನೋದ್ರಾಗ ಅರ್ಥ ಇಲ್ಲ, ಹೋದ ತಿಂಗಳಿನ ಅದ ವಾರ ತಗೋರಿ. ಗುರುವಾರ ಮೆಂಟೇನೆನ್ಸ್ ಅಂತ ನೀರೋ ಲೈಟೋ ಹೋಗೋದು ಪುಣೆದಾಗ ಇದ್ದೋರಿಗೆ ಗೊತ್ತಿದ್ದದ್ದ, ಆ ದಿನ ಟೈಮ್‌ಲೈನಿನ್ಯಾಗ ತೂತು ಬಿದ್ರ ನಿಮ್ಮ ತಪ್ಪಲ್ಲ. ಗಣಪತಿಗಿಂತ ಮೊದಲ ನದಿ ದಂಡಿಗೆ ಸಂಜಿಮುಂದ ಢೋಲ್-ತಾಶಾ ಪ್ರ್ಯಾಕ್ಟೀಸ್ ಚಾಲು ಆದ್ರಂತೂ ಆ ಕಡೆ ಮನಿ ಇದ್ದೋರು ಸಂಜಿ ಲೆಕ್ಕಾನ ಬಿಡ್ರಿ, ಉದ್ದ ತುಂಡು ಎಲ್ಲಾ ಮುಂಜಾನೆನ ತಗೋರಿ.

ಮತ್ತ ಒಂದು ಗಂಭೀರ ಮಾತು. ಇದೆಲ್ಲಾ ನಿಮ್ಮ ಸ್ವಂತ ಕಂಪ್ಯೂಟರಿನ ಮಾತು. ಕಂಪನಿ ಲ್ಯಾಪ್‌ಟಾಪಿನ್ಯಾಗ ಐಟಿಯವರನ್ನ ಕೇಳದ ಯಾವ್ದೂ ಹಾಕಬ್ಯಾಡ್ರಿ, ಕ್ಲೈಂಟಿನ ಹೆಸರು, ಇಮೇಲಿನ ಸಬ್ಜೆಕ್ಟು ಎಲ್ಲಾ ಟೈಟಲಿನ್ಯಾಗ ಬಂದು ಆ ಡೇಟಾಬೇಸಿನ್ಯಾಗ ಕುಂದರ್ತಾವ. ಸ್ವಂತದ್ದರಾಗೂ ನೆನಪಿಡ್ರಿ, ಆಕ್ಟಿವಿಟಿವಾಚ್ ಡೇಟಾಕ್ಕ ಬೀಗ ಇಲ್ಲ, ನಿಮ್ಮ ಲಾಗಿನ್ ತೆರೆದು ಕುಂತೋರು ಯಾರಾದ್ರೂ ಡ್ಯಾಶ್‌ಬೋರ್ಡ್ ತೆಗದು ಎಲ್ಲಾ ಓದಬಹುದು. ಮನ್ಯಾಗ ಒಂದ ಕಂಪ್ಯೂಟರ್ ನಾಲ್ಕು ಮಂದಿ ಬಳಸ್ತಿದ್ರ ಒಬ್ಬೊಬ್ಬರಿಗೂ ಬ್ಯಾರೆ ಯೂಸರ್ ಅಕೌಂಟ್ ಮಾಡ್ರಿ, ಇಲ್ಲಂದ್ರ ಮಗಳ ಗೇಮು ನಿಮ್ಮ ಲೆಕ್ಕದಾಗ, ನಿಮ್ಮ ಮೇಲು ಅಕಿ ಕಣ್ಣಿಗೆ.

ಕಂಪನಿಯವರು ತಾವ ಹಾಕೋ ಟ್ರ್ಯಾಕರ್ ಬ್ಯಾರೆ ಕಥಿ, ಅದು ನಿಮ್ಮ ಸಲುವಾಗಿ ಅಲ್ಲ ನಿಮ್ಮ ಮ್ಯಾಲ. ಮಂದಿ ಅದಕ್ಕ ಮೌಸ್ ಅಲ್ಲಾಡಿಸೋ ಯಂತ್ರ ತಂದು ಇಡ್ತಾರ, 2024ರಾಗ ಅಮೆರಿಕಾದ ವೆಲ್ಸ್ ಫಾರ್ಗೋ ಬ್ಯಾಂಕಿನವರು ಕೀಬೋರ್ಡ್ ಕೆಲಸ ನಡದಂಗ ತೋರಿಸಿದ್ರು ಅಂತ ಹನ್ನೆರಡಕ್ಕಿಂತ ಜಾಸ್ತಿ ಮಂದೀನ ತೆಗದ್ರು. ಸ್ವಂತ ಟ್ರ್ಯಾಕರಿಗೆ ಯಾರೂ ಮೋಸ ಮಾಡಂಗಿಲ್ಲ ಅಂತ ತಿಳೀಬ್ಯಾಡ್ರಿ, ಸುಮ್ನ ವರ್ಡ್ ಮುಂದಿಟ್ಟು ನಡುನಡುವ ಮೌಸ್ ಮುಟ್ಕೋತ ಮೊಬೈಲ್ ನೋಡೋದು ಅದ ನಮೂನಿ, ಪಟ್ಟಿಯೊಳಗ ಕೆಲಸ ಅಂತ ಬರ್ತೈತಿ, ಪುಟ ಮುಂದ ಹೋಗಂಗಿಲ್ಲ. ಅದಕ್ಕ ಟ್ರ್ಯಾಕರಿನ ಬಾಜೂಕ ಇವತ್ತ ಏನ್ ಮುಗೀತು ಅಂತ ಒಂದ ಸಾಲು ಕಾಗದದ ಮ್ಯಾಲ ಬರಕೋರಿ, ಎರಡೂ ಹೊಂದತಾವೋ ಇಲ್ಲೋ ಶನಿವಾರ ನೋಡ್ರಿ. ಮೊಬೈಲಿನ ಲೆಕ್ಕ ಬೇಕಂದ್ರ ಆ್ಯಂಡ್ರಾಯ್ಡಿನ್ಯಾಗ ಡಿಜಿಟಲ್ ವೆಲ್‌ಬೀಯಿಂಗ್, ಐಫೋನಿನ್ಯಾಗ ಸ್ಕ್ರೀನ್ ಟೈಮ್ ಮೊದಲ ಐತಿ, ಬ್ಯಾರೆ ಹಾಕೋ ಗರಜಿಲ್ಲ.

ಡ್ಯಾಶ್‌ಬೋರ್ಡ್ ವಾರಕ್ಕ ಒಮ್ಮೆ ಸಾಕು, ದಿನಕ್ಕ ಹತ್ತು ಸಲ ತೆಗದ್ರ ಅದ ಒಂದು ಟೈಂಪಾಸ್ ಆಗಿ ಪಟ್ಟಿಯೊಳಗ ಬರ್ತೈತಿ, ಖರೇನ ಬರ್ತೈತಿ, ಅದೂ ಒಂದು ಟ್ಯಾಬಲ್ಲೇನ್ರಿ. ಎರಡು ಮೂರು ತಿಂಗಳು ಆಗಿ ರೂಢಿ ಕುಂತಿತಂದ್ರ ಸಾಫ್ಟ್‌ವೇರ್ ತೆಗದ್ರೂ ನಡೀತೈತಿ, ಮತ್ತ ಗಡಿಬಿಡಿ ಅನಿಸಿದಾಗ ಒಂದು ವಾರ ಹಾಕ್ಕೊಂಡ್ರಾತು. ಕಂಪ್ಯೂಟರ್ ಬದಲಿ ಮಾಡೋಮುಂದ ರಾ ಡೇಟಾ ಪುಟಕ್ಕ ಹೋಗಿ ಎಲ್ಲಾ ಬಕೆಟ್ (ಡೇಟಾ ತುಂಬಿಟ್ಟ ಡಬ್ಬಿ ಇದ್ದಂಗ) ಎಕ್ಸ್‌ಪೋರ್ಟ್ ಮಾಡಿ ಜೇಸನ್ ಫೈಲ್ ಪೆನ್‌ಡ್ರೈವಿನ್ಯಾಗ ಇಟ್ಕೋರಿ, ಹೊಸದ್ರಾಗ ಅಲ್ಲೇ ಇಂಪೋರ್ಟ್ ಐತಿ. ಕೆಟಗರಿ ರೂಲ್ಸ್ ಮಾತ್ರ ಬ್ಯಾರೆ ಎಕ್ಸ್‌ಪೋರ್ಟ್ ಮಾಡ್ಬೇಕು, ಅದರ ಬಟನ್ ಕೆಟಗರೈಸೇಶನ್ ಹಂತ್ಯಾಕ ಐತಿ.